ಜೊತೆಗೊಬ್ಬ ಅಕ್ಕ

ಶಕ್ತಿನಗರದ ಸುತ್ತ ಬೆಳೆದ ನಮಗೆ ನೌಕರಿ ಅಂದರೆ ಕೆಪಿಸಿ, ಕರ್ನಾಟಕ ವಿದ್ಯುತ್ ನಿಗಮ. ಕೃಷ್ಣೆಯ ದಂಡೆಯಲ್ಲಿ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ ಶುರುವಾದದ್ದು 1985ರಲ್ಲಿ, ಎಂಟನೆಯದು 2010ರಲ್ಲಿ. ಈ ಎರಡರ ನಡುವೆ ನನ್ನ ಬಾಲ್ಯ, ಓದು, ಮೊದಲ ಸಂಬಳ ಎಲ್ಲ ಬಂದು ಹೋದವು. ಅಪ್ಪ ಕಲ್ಲಿದ್ದಲು ವಿಭಾಗದಲ್ಲಿ ಗುತ್ತಿಗೆ ಕೆಲಸಗಾರ. ಸಿಂಗರೇಣಿಯಿಂದ ಬರುವ ವ್ಯಾಗನ್ನುಗಳನ್ನು ಬೋರಲು ಮಾಡಿ ಕಲ್ಲಿದ್ದಲು ಸುರಿಸುವ ಕಡೆ ಅವನ ದುಡಿಮೆ. ನಾವಿದ್ದದ್ದು ಕಾಲೊನಿಯ ಕ್ವಾರ್ಟರ್ಸಿನಲ್ಲಲ್ಲ, ಪಕ್ಕದ ದೇವಸೂಗೂರಿನಲ್ಲಿ, ಸೂಗೂರೇಶ್ವರನ ಗುಡಿಗೆ ನಡೆದು ಹೋಗುವಷ್ಟು ಹತ್ತಿರದ ಬಾಡಿಗೆ ಮನೆಯಲ್ಲಿ. ಅವ್ವ ಒಣಗಲು ಹಾಕಿದ ಬಟ್ಟೆಯನ್ನು ಒಳಗೆ ತರುವ ಮೊದಲು ಎರಡು ಸಲ ಝಾಡಿಸುತ್ತಿದ್ದಳು. ಬೂದಿ ಕೂತಿರುತ್ತಿತ್ತು.

ಮನೆಯ ಊಟ, ನಿದ್ದೆ, ಮಾತು ಎಲ್ಲ ಅಪ್ಪನ ಶಿಫ್ಟಿನ ಮೇಲೆ ನಡೆಯುತ್ತಿದ್ದವು. ರಾತ್ರಿಯ ಸಿ ಶಿಫ್ಟ್ ಮುಗಿಸಿ ಬಂದ ದಿನ ನಾವು ಬೆಳಿಗ್ಗೆ ಪಾಠ ಗಟ್ಟಿಯಾಗಿ ಓದುವಂತಿರಲಿಲ್ಲ. ರಾತ್ರಿ ದುಡಿದು ಹಗಲು ಮಲಗುವುದು ನನಗೆ ಹೊಸದಾಗಿ ಕಲಿಯಬೇಕಾದ ವಿದ್ಯೆ ಆಗಲಿಲ್ಲ. ಅದಕ್ಕೇ ಇರಬೇಕು, ನರ್ಸಿಂಗಿಗೆ ಸೇರುತ್ತೇನೆ ಅಂದಾಗ ಅಪ್ಪ ನೈಟ್ ಡ್ಯೂಟಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. "ಕಾಯಂ ನೌಕರಿ ಆಗ್ತದೇನು?" ಅಂತಷ್ಟೇ ಕೇಳಿದ. ಗುತ್ತಿಗೆಯಲ್ಲಿ ಕೂದಲು ಬೆಳ್ಳಗಾದವನು ಕೇಳುವ ಪ್ರಶ್ನೆ ಅದು.

ಆ ಕಾಲಕ್ಕೆ ಕರ್ನಾಟಕದ ತುಂಬ ನರ್ಸಿಂಗ್ ಶಾಲೆಗಳು ಎದ್ದಿದ್ದವು, ರಾಯಚೂರೂ ಅದರಲ್ಲಿ ಹಿಂದಿರಲಿಲ್ಲ. ನಮ್ಮ ಬ್ಯಾಚಿನಲ್ಲಿ ಕೇರಳದ ಹುಡುಗಿಯರು ಬಹಳ. ಅವರಿಗೆ ಮುಂದಿನ ದಾರಿ ಗೊತ್ತಿತ್ತು. ಮೂರೂವರೆ ವರ್ಷದ ಜಿಎನ್‌ಎಂ, ಎಲ್ಲಾದರೂ ದೊಡ್ಡ ಆಸ್ಪತ್ರೆಯಲ್ಲಿ ಎರಡು ವರ್ಷ, ಆಮೇಲೆ ಸೌದಿ ಅಥವಾ ಕುವೈತ್. ಮನೆಯಲ್ಲಿ ಚಿಕ್ಕಮ್ಮನೋ ಅಕ್ಕನೋ ಅದೇ ದಾರಿಯಲ್ಲಿ ಹೋದವರು ಇರುತ್ತಿದ್ದರು. ಮಾನ್ವಿ, ದೇವದುರ್ಗ, ಸಿಂಧನೂರು ಕಡೆಯಿಂದ ಬಂದ ನಮಗೆ ಹಾಗೆ ದಾರಿ ತೋರಿಸುವವರಿರಲಿಲ್ಲ. ನಮ್ಮ ಮನೆಗಳಲ್ಲಿ ನಾವೇ ಮೊದಲನೆಯವರು. ಆದರೆ ವಾರ್ಡಿನಲ್ಲಿ ನಾವು ಮುಂದಿದ್ದೆವು. "ಹೊಟ್ಯಾಗ ಸಂಕಟ ಆಗಾಕತ್ತದ" ಅಂತ ರೋಗಿ ಅಂದರೆ ಕೇರಳದವರಿಗೆ ನಾವೇ ಬಿಡಿಸಿ ಹೇಳಬೇಕಿತ್ತು. ಗಡಿಯಾಚೆಯ ಮಖ್ತಲ್, ಗದ್ವಾಲ್ ಕಡೆಯ ರೋಗಿಗಳೂ ರಾಯಚೂರಿಗೇ ಬರುವುದರಿಂದ ತೆಲುಗು ಕೂಡ ಕಿವಿಗೆ ಬಿದ್ದು ಬಿದ್ದು ಬಾಯಿಗೆ ಬಂತು. ಹೆರಿಗೆ ಕೋಣೆಯಲ್ಲಿ ಮುಕ್ಕು ಅನ್ನುವುದನ್ನು ಕನ್ನಡ, ತೆಲುಗು, ಹಿಂದಿ ಮೂರರಲ್ಲೂ ಹೇಳಬಲ್ಲವಳಾಗಿ ನಾನು ಕೋರ್ಸು ಮುಗಿಸಿದೆ.

ಪಾಸಾದ ಮೇಲೆ ನೋಂದಣಿ. ಅದು ಬೆಂಗಳೂರಿನ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ಆಗಬೇಕು. ಡಿ.ಡಿ. ತೆಗೆಸಿ, ಝೆರಾಕ್ಸ್ ಪ್ರತಿಗಳಿಗೆ ಗೆಜೆಟೆಡ್ ಅಧಿಕಾರಿಯ ಸಹಿ ಹಾಕಿಸಿ, ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಯಲ್ಲಿ ಅಪ್ಪನ ಜೊತೆ ಹೋದೆ. ನರ್ಸ್ ಮತ್ತು ಸೂಲಗಿತ್ತಿ, ಎರಡಕ್ಕೂ ನೋಂದಣಿ ಸಂಖ್ಯೆ ಬಂದ ಮೇಲೆ ಇನ್ನು ಯಾವ ಆಸ್ಪತ್ರೆಯ ಬಾಗಿಲಾದರೂ ತಟ್ಟಬಹುದು ಅನ್ನುವ ಧೈರ್ಯ ಬಂತು.

ತಟ್ಟಿದೆ. ಶಕ್ತಿನಗರದಿಂದ ರಾಯಚೂರಿಗೆ ಇಪ್ಪತ್ತು ಕಿಲೋಮೀಟರು. ಚಿಕ್ಕಸೂಗೂರು ದಾಟಿ ಬಸ್ಸಿಳಿದು, ಸ್ಟೇಷನ್ ಸರ್ಕಲ್ಲಿನಿಂದ ತೀನ್ ಕಂದೀಲ್, ಅಲ್ಲಿಂದ ಗಂಜ್ ಕಡೆಗೆ, ನರ್ಸಿಂಗ್ ಹೋಮ್ ಎಂಬ ಬೋರ್ಡು ಕಂಡಲ್ಲೆಲ್ಲ ಒಳಗೆ ಹೋದೆ. ಏಪ್ರಿಲ್‌, ಮೇ ತಿಂಗಳ ರಾಯಚೂರಿನ ಬಿಸಿಲು ಗೊತ್ತಿದ್ದವರಿಗೆ ಆ ನಡಿಗೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಔಷಧಿ ಅಂಗಡಿಯವರಿಂದ ಹಿಡಿದು ಡಾಕ್ಟರ ತನಕ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ.

"ಎಕ್ಸ್‌ಪೀರಿಯನ್ಸ್ ಅದ ಏನವಾ?"

"ಇಲ್ರೀ ಸರ್. ಈಗ ಪಾಸ್ ಆಗೀನಿ. ರಜಿಸ್ಟ್ರೇಷನ್ ಆಗ್ಯದ."

"ವರ್ಷ ಎರಡು ವರ್ಷ ಎಲ್ಲೆರ ಮಾಡಿ ಬಾ. ಆಮ್ಯಾಲ ನೋಡೋಣು."

ಎಲ್ಲೆರ ಅಂದರೆ ಎಲ್ಲಿ? ಎಲ್ಲರೂ ಬೇರೆಯವರ ಕಡೆ ಕೈ ತೋರಿಸಿದರೆ ಅನುಭವ ಕೊಡುವ ಮನೆ ಯಾವುದು? ಆಗ ನನಗೆ ಸಿಟ್ಟು ಬರುತ್ತಿತ್ತು. ಈಗ ಆ ಪ್ರಶ್ನೆಯ ಹಿಂದಿನ ಭಯ ಅರ್ಥವಾಗುತ್ತದೆ. ಅತಿಸಾರದಿಂದ ಒಣಗಿ ಬಂದ ಹಸುಗೂಸಿನ ರಕ್ತನಾಳ ಹುಡುಕಿ ಸೂಜಿ ಹಾಕುತ್ತಾಳೋ ಇಲ್ಲವೋ, ರಾತ್ರಿ ಡಾಕ್ಟರ್ ಮನೆಗೆ ಹೋದ ಮೇಲೆ ರೋಗಿಯ ಉಸಿರು ಬದಲಾದದ್ದು ಇವಳ ಕಣ್ಣಿಗೆ ಬೀಳುತ್ತದೋ ಇಲ್ಲವೋ ಅಂತ ಅವರು ಕೇಳುತ್ತಿದ್ದರು. ಕೇಳುವುದು ತಪ್ಪಲ್ಲ. ಆದರೆ ಅದೇ ಜಾಗಗಳಲ್ಲಿ ಯಾವ ತರಬೇತಿಯೂ ಇಲ್ಲದ, ಹತ್ತನೇ ತರಗತಿ ದಾಟದ ಹುಡುಗಿಯರು ಬಿಳಿ ಕೋಟು ಹಾಕಿಕೊಂಡು ಇಂಜೆಕ್ಷನ್ ಕೊಡುವುದನ್ನು ಕಂಡಾಗ ನನಗೆ ನಿಜಕ್ಕೂ ನೋವಾಯಿತು. ಅವರ ಮೇಲೆ ನನಗೆ ಕೋಪವಿಲ್ಲ, ಅವರೂ ಹೊಟ್ಟೆಪಾಡಿಗೆ ಬಂದವರು. ಕಲಿತವಳಿಗೆ ಅನುಭವ ಇಲ್ಲ ಎಂದು ಬಾಗಿಲು ಹಾಕಿ, ಕಲಿಯದವಳನ್ನು ಕಡಿಮೆ ಸಂಬಳಕ್ಕೆ ಒಳಗೆ ಇಟ್ಟುಕೊಳ್ಳುವ ಲೆಕ್ಕದಲ್ಲಿ ರೋಗಿಯ ಜೀವ ಎಲ್ಲೂ ಬರುವುದಿಲ್ಲ.

ಒಂದು ಕಡೆ ಕೆಲಸ ಕೊಡಲು ಒಪ್ಪಿದರು. ತಿಂಗಳಿಗೆ ಮೂರು ಸಾವಿರ, ಊಟ ಅವರದೇ. ಆದರೆ ಅಂಕಪಟ್ಟಿ, ನೋಂದಣಿ ಪತ್ರ ಎಲ್ಲದರ ಒರಿಜಿನಲ್ ಅವರ ಬೀರುವಿನಲ್ಲಿ ಇಡಬೇಕು, ಎರಡು ವರ್ಷ ಬಿಡುವಂತಿಲ್ಲ. ಬೆಂಗಳೂರಿಗೆ ಹೋದ ಗೆಳತಿಯರಲ್ಲಿ ಕೆಲವರು ಇದೇ ಕರಾರಿಗೆ ಸಹಿ ಹಾಕಿದ್ದರು. ಅಪ್ಪನಿಗೆ ಹೇಳಿದೆ. ಅವನು ಚಹಾದ ಕಪ್ಪು ಕೆಳಗಿಟ್ಟು, "ನಾ ಮೂವತ್ತು ವರ್ಷ ಕಂತ್ರಾಟದಾಗ ದುಡದೀನಿ. ಖರೆ ನನ್ನ ಕಾಗದ ಯಾರ ಕೈಯಾಗೂ ಕೊಟ್ಟಿಲ್ಲ" ಅಂದ. ಆ ಮಾತು ಅಲ್ಲಿಗೆ ಮುಗಿಯಿತು.

ಈ ಸಂಬಳದ ಸಂಗತಿ ನನ್ನೊಬ್ಬಳದಾಗಿರಲಿಲ್ಲ. ಮುಂದೆ 2016ರಲ್ಲಿ ಸುಪ್ರೀಂ ಕೋರ್ಟಿನ ಸೂಚನೆಯ ಮೇರೆಗೆ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿತು. 50 ಹಾಸಿಗೆಗಿಂತ ಸಣ್ಣ ಖಾಸಗಿ ಆಸ್ಪತ್ರೆಯಾದರೂ ನರ್ಸಿಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು ಎಂದು ಅದು ಶಿಫಾರಸು ಮಾಡಿತು. ನಮ್ಮ ಕಡೆಯ ಹುಡುಗಿಯರ ಕೈಗೆ ಅಷ್ಟು ಬರುವುದನ್ನು ನೋಡುವ ಆಸೆ ಇಟ್ಟುಕೊಂಡು ನಾನು ಇವತ್ತಿಗೂ ಅವರನ್ನು ಕೇಳುತ್ತಿರುತ್ತೇನೆ.

ನಾನು ಹೀಗೆ ಕೆಲಸಕ್ಕೆಂದು ಅಲೆಯುತ್ತಿದ್ದಾಗಲೇ 2009ರ ಸೆಪ್ಟೆಂಬರ್ ಕೊನೆಯ ಮಳೆ ಬಂತು. ಅದನ್ನು ರಾಯಚೂರು ಜಿಲ್ಲೆಯವರು ಮರೆಯುವುದಿಲ್ಲ. ಅತ್ತ ಕೃಷ್ಣೆ, ಇತ್ತ ತುಂಗಭದ್ರೆ. ಅಕ್ಟೋಬರ್ ಮೊದಲ ವಾರದಲ್ಲಿ ಮಂತ್ರಾಲಯದ ಮಠದೊಳಗೇ ನೀರು ನುಗ್ಗಿತ್ತು. ತುಂಗಭದ್ರೆಯ ಈ ದಂಡೆಯ ಮಾನ್ವಿ, ರಾಯಚೂರು ತಾಲ್ಲೂಕಿನ ಹಳ್ಳಿಗಳ ಜನ ಶಾಲೆಗಳಲ್ಲಿ ಬಂದು ಕೂತರು. ನಮ್ಮ ನರ್ಸಿಂಗ್ ಶಾಲೆಯ ಒಬ್ಬ ಮೇಡಂ ಫೋನ್ ಮಾಡಿ, ಪರಿಹಾರ ಕೇಂದ್ರಕ್ಕೆ ಕೈ ಬೇಕು, ಸಂಬಳ ಇಲ್ಲ, ಬರ್ತೀಯಾ ಅಂದರು. ಹೋದೆ. ಮಾಡಿದ ಕೆಲಸ ದೊಡ್ಡದೇನಲ್ಲ. ಓಆರ್‌ಎಸ್ ಕಲಸಿ ಕೊಡುವುದು, ನೀರಿನ ಕೊಡಗಳಿಗೆ ಕ್ಲೋರಿನ್ ಮಾತ್ರೆ ಹಾಕುವುದು, ಕೆಸರಿನಲ್ಲಿ ಓಡಾಡಿ ಬಿರಿದ ಕಾಲುಗಳಿಗೆ ಡ್ರೆಸಿಂಗ್, ಜ್ವರದ ಮಕ್ಕಳ ಪಟ್ಟಿ. ಆದರೆ ಅಲ್ಲಿ ಯಾರೂ ನನ್ನ ಅನುಭವ ಎಷ್ಟು ಅಂತ ಕೇಳಲಿಲ್ಲ. ಮನೆ, ದನ, ಕಾಳು ಎಲ್ಲ ಹೊಳೆಗೆ ಕೊಟ್ಟು ಬಂದ ಮುದುಕಿಯೊಬ್ಬಳು ನಾನು ಕಾಲಿಗೆ ಪಟ್ಟಿ ಕಟ್ಟುವಾಗ, "ನಮ್ಮವ್ವ, ನೀ ಉಂಡಿಯೇನು?" ಅಂತ ಕೇಳಿದಳು. ಅಲ್ಲಿದ್ದ ಡಾಕ್ಟರು ಕೊನೆಗೆ ಒಂದು ಹಾಳೆಯ ಮೇಲೆ ನಾಲ್ಕು ಸಾಲು ಬರೆದು, ಸೀಲು ಹೊಡೆದು ಕೊಟ್ಟು, "ಗ್ರಾಮೀಣ ಆರೋಗ್ಯ ಅಭಿಯಾನದ ಪೋಸ್ಟ್ ಕರೀತಾರೆ. ಪೇಪರ್ ನೋಡ್ತಾ ಇರು" ಅಂದರು.

ಅಭಿಯಾನ 2005ರಲ್ಲಿ ಶುರುವಾಗಿತ್ತು. ಹಗಲು ರಾತ್ರಿ ತೆರೆದಿರುವ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಮಾಡಿ, ಒಂದೊಂದಕ್ಕೆ ಮೂವರು ಸ್ಟಾಫ್ ನರ್ಸುಗಳನ್ನು ಗುತ್ತಿಗೆಯ ಮೇಲೆ ಹಾಕುವ ಯೋಜನೆ ಅದರಲ್ಲಿತ್ತು. ಮೂರು ಶಿಫ್ಟಿಗೆ ಮೂವರು. ಕಾಗದದ ಮೇಲೆ ಲೆಕ್ಕ ಸರಿಯಾಗೇ ಇದೆ. ಅರ್ಜಿ ಹಾಕಿದೆ, ಅಂಕಗಳ ಮೇಲೆ ಮೆರಿಟ್ ಪಟ್ಟಿ ಬಂತು, ನೋಟಿಸ್ ಬೋರ್ಡಿನ ಮುಂದೆ ನೂಕುನುಗ್ಗಲು. ಸ್ಥಳ ಆರಿಸಿಕೊಳ್ಳುವ ದಿನ ಎಲ್ಲರೂ ರಾಯಚೂರಿಗೆ ಹತ್ತಿರದ, ಬಸ್ಸಿನ ದಾರಿಯ ಮೇಲಿನ ಊರುಗಳನ್ನು ಹಿಡಿದರು. ನನ್ನ ಸರದಿ ಬರುವ ಹೊತ್ತಿಗೆ ಉಳಿದದ್ದು ದೇವದುರ್ಗದ ಹಳ್ಳಿಗಳು. ಒಂದಕ್ಕೆ ಸಹಿ ಹಾಕಿದೆ. ಆ ಊರಿನ ಹೆಸರು ಇಲ್ಲಿ ಬೇಡ. ಅಲ್ಲಿ ನಡೆದದ್ದು ಬೇರೆ ಎಷ್ಟೋ ಊರುಗಳಲ್ಲೂ ನಡೆಯುತ್ತಿತ್ತು.

ದೇವದುರ್ಗ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಅತಿ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿ ಬರೆದ ತಾಲ್ಲೂಕು. ಆ ಮಾತನ್ನು ಓದುವುದು ಬೇರೆ, ಗಬ್ಬೂರು ದಾಟಿ ಬಸ್ಸು ಒಳಹಾದಿ ಹಿಡಿದಾಗ ನೋಡುವುದು ಬೇರೆ. ಸುಗ್ಗಿ ಮುಗಿದರೆ ತಾಂಡಾಗಳ ಮನೆಗಳಿಗೆ ಬೀಗ. ಜನ ಗುಳೆ ಹೋಗಿರುತ್ತಾರೆ, ಬೆಂಗಳೂರು, ಪುಣೆ, ಮುಂಬೈಯ ಕಟ್ಟಡದ ಕೆಲಸಕ್ಕೆ. ಬಸುರಿಯರೂ ಹೋಗುತ್ತಾರೆ. ಎಂಟು ತಿಂಗಳು ಇಟ್ಟಿಗೆ ಹೊತ್ತು ಒಂಬತ್ತನೇ ತಿಂಗಳಿಗೆ ಹೆರಿಗೆಗೆಂದು ಊರಿಗೆ ಬರುತ್ತಾರೆ. ತಾಯಿ ಕಾರ್ಡ್ ಇರುವುದಿಲ್ಲ, ರಕ್ತ ಪರೀಕ್ಷೆ ಆಗಿರುವುದಿಲ್ಲ, ಕಬ್ಬಿಣದ ಮಾತ್ರೆ ನುಂಗಿರುವುದಿಲ್ಲ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಬೆಳ್ಳಗೆ.

ಆರೋಗ್ಯ ಕೇಂದ್ರದಲ್ಲಿ ಮೂವರು ನರ್ಸುಗಳ ಜಾಗ. ನಾನು ಸೇರಿದಾಗ ಇದ್ದದ್ದು ಇನ್ನೊಬ್ಬಳು. ಅವಳು ನನಗಿಂತ ಕೆಲವು ತಿಂಗಳು ಹಳಬಳು. ಡಾಕ್ಟರು ಹಗಲು ಇರುತ್ತಿದ್ದರು, ಅವರಿಗೆ ಇನ್ನೊಂದು ಕೇಂದ್ರದ ಹೊಣೆಯೂ ಇತ್ತು. ಹೀಗಾಗಿ ರಾತ್ರಿ ಆ ಕಟ್ಟಡದಲ್ಲಿ ಕಲಿತವಳು ಅಂತ ಇರುತ್ತಿದ್ದದ್ದು ನಾನೊಬ್ಬಳು. ಜೊತೆಗೆ ಆಯಾ. ಕರೆಂಟ್ ಯಾವಾಗ ಹೋಗುತ್ತದೆ ಹೇಳಲಾಗದು. ರಾಜ್ಯದ ವಿದ್ಯುತ್ತಿನ ದೊಡ್ಡ ಪಾಲು ನಮ್ಮ ಶಕ್ತಿನಗರದಲ್ಲಿ ಹುಟ್ಟುತ್ತಿತ್ತು, ಅದೇ ಜಿಲ್ಲೆಯ ಹೆರಿಗೆ ಕೋಣೆಯಲ್ಲಿ ನಾವು ಬ್ಯಾಟರಿ ಹಿಡಿದು ನಿಲ್ಲುತ್ತಿದ್ದೆವು. ಇದನ್ನು ಅಪ್ಪನಿಗೆ ಹೇಳಿದಾಗ ಅವನು ಬಹಳ ಹೊತ್ತು ಸುಮ್ಮನಿದ್ದು, ಮುಂದಿನ ಸಲ ಬರುವಾಗ ತನ್ನ ಡ್ಯೂಟಿಯ ಟಾರ್ಚ್ ಕೊಟ್ಟು ಕಳಿಸಿದ.

ನನಗೆ ಆ ಊರಿನಲ್ಲಿ ದೊರೆತ ಭಾಗ್ಯ ಅಂದರೆ ಕ್ವಾರ್ಟರ್ಸಿನಲ್ಲಿದ್ದ ಎಎನ್‌ಎಂ ಅಕ್ಕ. ಕಾಯಂ ನೌಕರಿಯವಳು, ಐವತ್ತು ದಾಟಿದವಳು. ಹಗಲೆಲ್ಲ ಸಬ್‌ಸೆಂಟರ್, ತಾಂಡಾ, ಲಸಿಕೆ ಅಂತ ತಿರುಗಿ ಬರುವವಳು. ರಾತ್ರಿ ಆಸ್ಪತ್ರೆಯ ಕಡೆ ಬರಬೇಕಾದ ಹೊಣೆ ಅವಳದಲ್ಲ. ನಾನು ಸೇರಿದ ದಿನವೇ ಬಂದು, "ಹೊಸಾಕಿ ಏನು? ಬ್ಯಾನಿ ತಿನ್ನಾಕಿ ಬಂದ್ಲಂದ್ರ ಆಯಾನ್ನ ಕಳಸು. ನಾ ನಿದ್ದಿ ಮಾಡಿದ್ರೂ ಎಬ್ಬಸು" ಅಂದಿದ್ದಳು.

ಒಂದು ರಾತ್ರಿಯ ಸಂಗತಿ ಹೇಳಬೇಕು. ಗುಳೆಯಿಂದ ವಾರದ ಹಿಂದೆ ಬಂದಿದ್ದ ಹೆಣ್ಣುಮಗಳು. ಮೂರನೆಯ ಹೆರಿಗೆ. ಬಂದಾಗಲೇ ಬ್ಯಾನಿ ಜೋರಾಗಿತ್ತು. ರಕ್ತ ಕಡಿಮೆ ಇರುವುದು ಮುಖ ನೋಡಿದರೆ ಗೊತ್ತಾಗುತ್ತಿತ್ತು, ಮುಂದಕ್ಕೆ ಕಳಿಸುವಷ್ಟು ಸಮಯವಿರಲಿಲ್ಲ. ಆಯಾಳನ್ನು ಅಕ್ಕನ ಮನೆಗೆ ಓಡಿಸಿದೆ. ಕೂಸು ಹುಟ್ಟಿತು, ಅತ್ತಿತು. ಒರೆಸಿ ತಾಯಿಯ ಎದೆಯ ಮೇಲೆ ಹಾಕಿದೆ. ಆಕ್ಸಿಟೋಸಿನ್ 10 ಯೂನಿಟ್ ತೊಡೆಗೆ ಕೊಟ್ಟೆ. ಮಾಸು ಪೂರ್ತಿಯಾಗಿ ಬಂತು, ತಿರುವಿ ನೋಡಿದೆ, ಹರಿದಿರಲಿಲ್ಲ. ಪುಸ್ತಕದಲ್ಲಿ ಇದ್ದದ್ದೆಲ್ಲ ಆಗಿತ್ತು. ಆದರೂ ಕೆಳಗಿನ ಮೇಣಗಪಡದ ಮೇಲೆ ರಕ್ತ ನಿಲ್ಲದೆ ಹರಿಯುತ್ತಿತ್ತು. ಹೊಟ್ಟೆಯ ಮೇಲೆ ಕೈಯಿಟ್ಟರೆ ಗರ್ಭಕೋಶ ಸಿಗಲೇ ಇಲ್ಲ, ಅಷ್ಟು ಮೆತ್ತಗೆ.

ಅಷ್ಟರಲ್ಲಿ ಅಕ್ಕ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಏನೂ ಕೇಳದೆ, ನನ್ನ ಕೈ ಹಿಡಿದು ಹೊಕ್ಕುಳದ ಹತ್ತಿರ ಒಂದು ಕಡೆ ಇಟ್ಟು, ಅದರ ಮೇಲೆ ತನ್ನ ಕೈಯಿಟ್ಟು ಒತ್ತಿ ತಿರುಗಿಸಿದಳು. "ಇಲ್ಲಿ. ಇಲ್ಲೇ ತಿಕ್ಕು. ತೆಂಗಿನಕಾಯಿ ಹಂಗ ಗಟ್ಟಿ ಆಗೂತನಕ ಕೈ ತೆಗಿಬ್ಯಾಡ." ಆಮೇಲೆ ಆಯಾಗೆ 108ಕ್ಕೆ ಫೋನ್ ಮಾಡಲು ಹೇಳಿ, ತಾನು ಬಾಣಂತಿಯ ಕೈಗೆ ಸಲೈನ್ ಹಚ್ಚಿ, ಬಾಟಲಿಗೆ ಆಕ್ಸಿಟೋಸಿನ್ ಸೇರಿಸಿದಳು. ಮೂತ್ರಕೋಶ ತುಂಬಿದ್ದರೆ ಗರ್ಭಕೋಶ ಕುಗ್ಗುವುದಿಲ್ಲ ಎಂದು ಓದಿದ್ದೆ. ಅವಳು ಓದಿದ್ದಳೋ ಇಲ್ಲವೋ, ಕ್ಯಾಥೆಟರ್ ಹಾಕಿ ಖಾಲಿ ಮಾಡಿದ್ದು ಮಾತ್ರ ಅವಳೇ. ಈ ನಡುವೆ ಬಾಣಂತಿಯ ಜೊತೆ ಮಾತು ನಿಲ್ಲಿಸಿರಲಿಲ್ಲ. "ಕಣ್ಣು ತೆಗಿಯವ್ವ. ಮಗಳನ್ನ ನೋಡು. ಏನ್ ಹೆಸರು ಇಡಾಕಿ, ಹೇಳು ನನಗ." ನನ್ನ ಅಂಗೈಯ ಕೆಳಗೆ ಏನೋ ನಿಧಾನಕ್ಕೆ ಬಿಗಿಯಾಗತೊಡಗಿತು. ಮೊದಲು ಒಂದು ಅಂಚು ಸಿಕ್ಕಿತು, ಆಮೇಲೆ ಪೂರ್ತಿ ದುಂಡಗೆ. ಆ ಬಿಗಿ ಇವತ್ತಿಗೂ ನನ್ನ ಕೈಗೆ ಗೊತ್ತು. ಹೊಸ ಹುಡುಗಿಯರಿಗೆ ಹೇಳಿಕೊಡುವಾಗ ಬಾಯಿಗಿಂತ ಮೊದಲು ಕೈ ಹೋಗುತ್ತದೆ.

108 ಆಂಬುಲೆನ್ಸ್ ಸೇವೆ ರಾಜ್ಯಕ್ಕೆ ಬಂದದ್ದು 2008ರ ನವೆಂಬರಿನಲ್ಲಿ. ಅದಿಲ್ಲದ ಕಾಲದಲ್ಲಿ ಎಷ್ಟು ಬಾಣಂತಿಯರು ಟ್ರ್ಯಾಕ್ಟರಿನಲ್ಲಿ ಪ್ರಾಣ ಬಿಟ್ಟರೋ ಅಂತ ಅಕ್ಕ ಹೇಳುತ್ತಿದ್ದಳು. ಆ ರಾತ್ರಿ ಗಾಡಿಯಲ್ಲಿ ನಾನು ಬಾಣಂತಿಯ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ರಾಯಚೂರಿನ ರಿಮ್ಸ್ ಆಸ್ಪತ್ರೆಯ ತನಕ ಹೋದೆ. ರಕ್ತ ಹಾಕಿದರು. ತಾಯಿ ಮಗಳು ಇಬ್ಬರೂ ಮನೆಗೆ ಬಂದರು.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಕಡೆ ಅತಿ ಕಠಿಣವಾದ ಹೆರಿಗೆಗಳು ಅತಿ ಹೊಸ ಕೈಗಳಿಗೆ ಬೀಳುತ್ತವೆ. ದೊಡ್ಡ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಹೊಸ ನರ್ಸಿನ ಹಿಂದೆ ಇನ್‌ಚಾರ್ಜ್ ಇರುತ್ತಾರೆ, ಪಕ್ಕದ ಕೋಣೆಯಲ್ಲಿ ಡ್ಯೂಟಿ ಡಾಕ್ಟರು, ಕೆಳಗೆ ರಕ್ತನಿಧಿ. ರಕ್ತವಿಲ್ಲದ, ಪರೀಕ್ಷೆಯಿಲ್ಲದ, ದೂರದ ತಾಂಡಾದ ಹೆಂಗಸು ಬರುವ ಕಡೆಗೆ ನಾವು ನೋಂದಣಿ ಪತ್ರದ ಶಾಯಿ ಆರದ ಹುಡುಗಿಯನ್ನು ಒಬ್ಬಳೇ ಕೂರಿಸುತ್ತೇವೆ. ಅಲ್ಲಿಗೆ ಹೋಗಲು ಬೇರೆ ಯಾರೂ ಒಪ್ಪುವುದಿಲ್ಲ ಅನ್ನುವುದು ಒಂದೇ ಕಾರಣ. ಅವಳು ವರ್ಷದೊಳಗೆ ಬಿಟ್ಟು ಹೋದರೆ "ಈಗಿನ ಹುಡುಗಿಯರಿಗೆ ಸೇವಾ ಮನೋಭಾವ ಇಲ್ಲ" ಅನ್ನುತ್ತೇವೆ. ನನ್ನ ಜೊತೆಗಿದ್ದ ಇನ್ನೊಬ್ಬಳು ಹಾಗೇ ಬಿಟ್ಟು ಹೋದಳು. ಮೂವರ ಜಾಗದಲ್ಲಿ ಇಬ್ಬರು, ಇಬ್ಬರ ಜಾಗದಲ್ಲಿ ಒಬ್ಬಳು ಆದಾಗ ಹಗಲಿಗೂ ರಾತ್ರಿಗೂ ವ್ಯತ್ಯಾಸ ಉಳಿಯುವುದಿಲ್ಲ. ಅವಳನ್ನು ನಾನು ಒಂದು ದಿನವೂ ದೂರಿಲ್ಲ. ಆಕೆಯ ಪಾಲಿಗೆ ಅಕ್ಕನಂಥವಳು ಸಿಕ್ಕಿರಲಿಲ್ಲ. ಆಕೆ ಸೇರಿದಾಗ ಅಕ್ಕ ಮಗಳ ಬಾಣಂತನಕ್ಕೆ ರಜೆ ಹಾಕಿ ಹೋಗಿದ್ದಳಂತೆ. ಒಬ್ಬ ನರ್ಸ್ ಉಳಿಯುವುದು ಬಿಡುವುದು ಇಂಥ ಆಕಸ್ಮಿಕದ ಮೇಲೆ ನಿಂತಿರಬಾರದು.

ಅಕ್ಕ ಮಾಡಿದ್ದು ಸರ್ಕಾರದ ಯಾವ ಆದೇಶದಲ್ಲೂ ಇರಲಿಲ್ಲ. ನನ್ನ ಪ್ರಕಾರ ಇರಬೇಕಿತ್ತು. ಹೊಸಬಳನ್ನು ಹಳ್ಳಿಗೆ ಕಳಿಸುವ ಮೊದಲು ತಾಲ್ಲೂಕು ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಕೆಲವು ತಿಂಗಳು ನಿಲ್ಲಿಸಿದರೆ ಸಾಕು. ದೊಡ್ಡ ಖರ್ಚಿನ ಮಾತಲ್ಲ. ನನಗೆ ಅದು ತಿರುಗುಮುರುಗಾಗಿ ಸಿಕ್ಕಿತು. ಮೊದಲು ಹಳ್ಳಿ, ಆಮೇಲೆ ಮಾನ್ವಿಯ ತಾಲ್ಲೂಕು ಆಸ್ಪತ್ರೆ.

ಮಾನ್ವಿ ಬೇರೆಯದೇ ಲೋಕ. ದೇವದುರ್ಗದ ಒಣನೆಲ ಬಿಟ್ಟು ಕಲ್ಲೂರು, ನೀರಮಾನ್ವಿ ದಾಟಿ ಬಂದರೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಕಣ್ಣು ಹಾಯುವ ತನಕ ಭತ್ತ. ರೋಗಗಳೂ ಬೆಳೆಯ ಜೊತೆ ಬದಲಾಗುತ್ತವೆ ಅನ್ನುವುದನ್ನು ನಾನು ಕಲಿತದ್ದು ಅಲ್ಲಿ. ನಾಟಿಯ ದಿನಗಳಲ್ಲಿ ಬಸುರಿಯರು ಮೊಣಕಾಲು ನೀರಿನಲ್ಲಿ ಬಗ್ಗಿ ನಿಂತು, ಬ್ಯಾನಿ ಬಂದಾಗ ಗದ್ದೆಯಿಂದಲೇ ಬರುತ್ತಿದ್ದರು, ಸೀರೆಯಂಚಿನ ಕೆಸರು ಆರಿರುತ್ತಿರಲಿಲ್ಲ. ಹತ್ತಿ, ಭತ್ತಕ್ಕೆ ಔಷಧ ಹೊಡೆಯುವ ಕಾಲದಲ್ಲಿ "ಎಣ್ಣಿ ಕುಡದಾನ್ರೀ" ಅಂತ, ಆ ಕೀಟನಾಶಕವನ್ನೇ ಕುಡಿದವರನ್ನು ಹೊತ್ತು ತರುತ್ತಿದ್ದರು. ಬೆಳೆ ಕೈಕೊಟ್ಟ ವರ್ಷ ಅಂಥವರು ಹೆಚ್ಚು. ಹೊಟ್ಟೆ ತೊಳೆದು, ಅಟ್ರೋಪಿನ್ ಕೊಡುತ್ತ, ಕಣ್ಣಿನ ಪಾಪೆ ಅಗಲವಾಯಿತೇ, ಬಾಯಿಯ ಜೊಲ್ಲು, ಎದೆಯ ಗೊರಗೊರ ಕಡಿಮೆಯಾಯಿತೇ ಎಂದು ರಾತ್ರಿಯಿಡೀ ನೋಡುತ್ತ ಕೂರಬೇಕು. ಎಚ್ಚರವಾದ ಮೇಲೆ ಆ ಮನುಷ್ಯನ ಜೊತೆ ಏನು ಮಾತಾಡಬೇಕು ಅನ್ನುವುದು ಯಾವ ಸಿಲಬಸ್ಸಿನಲ್ಲೂ ಇರಲಿಲ್ಲ. ಆ ಮಾತನ್ನು ಅಲ್ಲಿನ ಲೇಬರ್ ರೂಮ್ ಇನ್‌ಚಾರ್ಜ್ ಸಿಸ್ಟರು ಆಡುವುದನ್ನು ಬಾಗಿಲ ಹತ್ತಿರ ನಿಂತು ಕೇಳಿದ್ದೇನೆ. ಅವರು ಸಾಲ ಎಷ್ಟು ಅಂತ ಕೇಳುತ್ತಿರಲಿಲ್ಲ, ಮಕ್ಕಳು ಎಷ್ಟನೇ ಇಯತ್ತೆ ಅಂತ ಕೇಳುತ್ತಿದ್ದರು.

ಆ ಸಿಸ್ಟರಿಗೆ ಹ್ಯಾಂಡೋವರ್ ಅಂದರೆ ಪೂಜೆಯಷ್ಟು ನೇಮ. ನೈಟಿನವಳು ಎಷ್ಟೇ ದಣಿದಿರಲಿ, ಪ್ರತಿ ಹಾಸಿಗೆಯ ಮುಂದೆ ನಿಂತು ಹೇಳಬೇಕು. ರಜಿಸ್ಟರ್ ಓದಿದರೆ ಒಪ್ಪುತ್ತಿರಲಿಲ್ಲ. "ಕಾಗದಕ ಅಲ್ಲ ಹೇಳೋದು, ಆಕಿ ಮುಖ ನೋಡಿ ಹೇಳು" ಅನ್ನುವರು. ಹೆರಿಗೆಯ ಮುಂದುವರಿಕೆ ಗುರುತಿಸುವ ಪಾರ್ಟೋಗ್ರಾಫಿನ ಗೆರೆಗಳನ್ನು ಹೆರಿಗೆಯಾದ ಮೇಲೆ ಕೂತು ತುಂಬುವ ಚಾಳಿ ಎಷ್ಟೋ ಕಡೆ ಇದೆ. ಅವರ ಕೋಣೆಯಲ್ಲಿ ಅದು ನಡೆಯುತ್ತಿರಲಿಲ್ಲ. ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮ ಸಾಮಾನ್ಯ ಆಸ್ಪತ್ರೆಯಲ್ಲಿ ಐದು ರೋಗಿಗೆ ಒಬ್ಬ ನರ್ಸ್, ಬೋಧನಾ ಆಸ್ಪತ್ರೆಯಲ್ಲಿ ಮೂವರಿಗೆ ಒಬ್ಬಳು ಅನ್ನುತ್ತದೆ. ನಮ್ಮ ತಾಲ್ಲೂಕುಗಳ ನರ್ಸುಗಳು ಆ ಲೆಕ್ಕವನ್ನು ಪರೀಕ್ಷೆಯಲ್ಲಿ ಬರೆದವರು, ವಾರ್ಡಿನಲ್ಲಿ ನೋಡಿದವರಲ್ಲ. ಹಾಗಿದ್ದೂ ಒಬ್ಬ ಗಟ್ಟಿ ಇನ್‌ಚಾರ್ಜ್ ಇದ್ದರೆ ಇರುವಷ್ಟೇ ಜನ ಎಷ್ಟು ಚೆನ್ನಾಗಿ ನಿಭಾಯಿಸಬಲ್ಲರು ಅನ್ನುವುದನ್ನು ಮಾನ್ವಿಯಲ್ಲಿದ್ದ ಎರಡು ವರ್ಷ ಕಣ್ಣಾರೆ ಕಂಡೆ.

ಹಿಂದುಳಿದ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂತು. ನಮ್ಮ ಭಾಗದ ಸಿ ಗುಂಪಿನ ಹುದ್ದೆಗಳಲ್ಲಿ ಶೇ 80ರಷ್ಟು ಸ್ಥಳೀಯರಿಗೇ ಮೀಸಲಾದವು. ಸ್ಟಾಫ್ ನರ್ಸ್ ಆ ಗುಂಪಿನದೇ. ಸಹಾಯಕ ಆಯುಕ್ತರ ಕಚೇರಿಯಿಂದ ಪ್ರಮಾಣಪತ್ರ ಮಾಡಿಸಿ ಅರ್ಜಿ ಹಾಕಿದೆ. ಕಾಯಂ ಆದೇಶ ಬಂದಾಗ ಅಪ್ಪ ಅದನ್ನು ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯ ತನಕ, ಪ್ರತಿಗಳು ಯಾರ್ಯಾರಿಗೆ ಹೋಗಿವೆ ಅನ್ನುವ ಪಟ್ಟಿಯನ್ನೂ ಬಿಡದೆ, ಗಟ್ಟಿಯಾಗಿ ಓದಿದ. ಅವ್ವ ಅಂದು ಹೋಳಿಗೆ ಮಾಡಿದಳು.

ಈ ಮೀಸಲಾತಿಯಿಂದ ದೊಡ್ಡ ಉಪಕಾರವಾಗಿದೆ, ಅದನ್ನು ಮನಸಾರೆ ಹೇಳುತ್ತೇನೆ. ನಮ್ಮ ಮಾತು, ನಮ್ಮ ಗುಳೆ, ನಮ್ಮ ಬಿಸಿಲು ಗೊತ್ತಿರುವ ಹುಡುಗಿಯರು ನಮ್ಮ ಆಸ್ಪತ್ರೆಗಳಿಗೆ ಬರುತ್ತಿದ್ದಾರೆ. ಆದರೆ ಹುದ್ದೆ ಕೊಟ್ಟ ಮೇಲೆ ಮೊದಲ ಆರು ತಿಂಗಳು ಯಾರು ಅವಳ ಕೈ ಹಿಡಿಯುತ್ತಾರೆ ಅನ್ನುವುದು ಇನ್ನೂ ಆಯಾ ಊರಿನ ಪುಣ್ಯಕ್ಕೆ ಬಿಟ್ಟ ಮಾತಾಗಿದೆ. ಕೌನ್ಸೆಲಿಂಗಿನಲ್ಲಿ ಕೊನೆಗೆ ಉಳಿಯುವ ಊರು ಈಗಲೂ ಅವೇ. ಅಲ್ಲಿಗೆ ಹೋಗುವವರು ಈಗಲೂ ಹೊಸಬರೇ.

ಈಗ ಹೆರಿಗೆ ವಾರ್ಡಿನ ಡ್ಯೂಟಿ ಚಾರ್ಟ್ ಬರೆಯುವುದು ನನ್ನ ಕೈಯಲ್ಲಿದೆ. ನನ್ನಿಂದ ಆಗುವುದನ್ನು ಅಲ್ಲಿ ಮಾಡುತ್ತೇನೆ. ಹೊಸಬಳ ಹೆಸರಿನ ಪಕ್ಕದಲ್ಲಿ ಹಳಬಳೊಬ್ಬಳ ಹೆಸರಿಲ್ಲದೆ ನೈಟ್ ಬರೆಯುವುದಿಲ್ಲ. ಜನ ಕಡಿಮೆ ಬಿದ್ದ ವಾರ ಆ ಹಳಬಳ ಜಾಗದಲ್ಲಿ ನನ್ನದೇ ಹೆಸರು ಬರುತ್ತದೆ. ಮೇಲಿನವರು ಇದರಿಂದ ಹಗಲಿಗೆ ಜನ ಸಾಲುವುದಿಲ್ಲ ಅನ್ನುತ್ತಾರೆ, ಅದು ಸುಳ್ಳಲ್ಲ. ಈ ತಿಂಗಳು ಇಬ್ಬರು ಹೊಸಬರಿದ್ದಾರೆ, ಒಬ್ಬಳು ದೇವದುರ್ಗದ ಜಾಲಹಳ್ಳಿ ಕಡೆಯವಳು, ಇನ್ನೊಬ್ಬಳು ಸಿರವಾರದವಳು. ಜಾಲಹಳ್ಳಿಯ ಹುಡುಗಿ ಚುರುಕು. ಮೊನ್ನೆ ಚಾರ್ಟ್ ನೋಡಿ, "ಸಿಸ್ಟರ್, ಮುಂದಿನ ವಾರ ನಾ ಒಬ್ಬಾಕೇ ನೈಟ್ ಮಾಡ್ತೀನ್ರೀ, ನೀವು ಮನಿಗೆ ಹೋಗ್ರಿ" ಅಂದಳು. ಗರ್ಭಕೋಶ ಮೆತ್ತಗಾದದ್ದನ್ನು ಕೈಯಲ್ಲಿ ಹಿಡಿದು ನೋಡಿದ್ದೀಯಾ ಅಂತ ಕೇಳಿದೆ. ಇಲ್ಲ ಅಂದಳು. ಹಾಗಾದರೆ ಅಲ್ಲಿ ತನಕ ಇಬ್ಬರೂ ಕೂಡಿ ಮಾಡೋಣ ಅಂದು ಚಾರ್ಟನ್ನು ಹಾಗೇ ಗೋಡೆಗೆ ಅಂಟಿಸಿದೆ.